ಚಿಕ್ಕ ವಯಸ್ಸಿನ ತಾಯಿಗೆ ಹಾಲು ಬರುವುದಿಲ್ಲವೇ? ಫೋನಿನ ಪಾಠವನ್ನು ಎಷ್ಟು ನಂಬಬಹುದು?

ಬೈರಿದೇವರಕೊಪ್ಪದಲ್ಲಿ ಚಿಗರಿ ಬಸ್ ಹತ್ತಿದರೆ ಅದೇ ದಾರಿಯಲ್ಲಿ ಕಿಮ್ಸ್ ಆಸ್ಪತ್ರೆಯ ನಿಲ್ದಾಣ ಬರುತ್ತದೆ. ಆದರೂ ಹದಿನೇಳು-ಹದಿನೆಂಟರ ಗರ್ಭಿಣಿ ಹುಡುಗಿ ತನ್ನ ಸಂಶಯವನ್ನು ಮೊದಲು ಕೇಳುವುದು ಫೋನನ್ನು. ಹದಿನೆಂಟು ತುಂಬದಿದ್ದರೆ ಬಾಲ್ಯವಿವಾಹ, ಪೋಕ್ಸೊ ಎಂಬ ಭಯ. ತುಂಬಿದ್ದರೆ ‘ಇಷ್ಟು ಬೇಗ?’ ಎನ್ನುವ ನೋಟ. (ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕರ್ತವ್ಯ ನಿಜ, ಆದರೆ ಚಿಕಿತ್ಸೆ ನಿರಾಕರಿಸುವಂತಿಲ್ಲ.) 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 19 ವರ್ಷದವರಲ್ಲಿ ಶೇ 5.4ರಷ್ಟು ಹೆಣ್ಣುಮಕ್ಕಳು ಆಗಲೇ ತಾಯಂದಿರು ಅಥವಾ ಗರ್ಭಿಣಿಯರು.

ಫೋನಿನಲ್ಲಿ ಅವಳಿಗೆ ಸಿಗುವುದು ಹೆಚ್ಚಾಗಿ ಫಾರ್ವರ್ಡ್. ‘ಸಣ್ಣ ಹುಡುಗಿಯ ಎದೆಯಲ್ಲಿ ಹಾಲು ಸಾಲದು’ ಎಂಬುದು ಅದರಲ್ಲಿ ಮುಖ್ಯವಾದದ್ದು.

ಇದು ಸುಳ್ಳು. ಹೆರಿಗೆಯಾಗಿ ಕಸ ಹೊರಬಿದ್ದ ಕೂಡಲೇ ಪ್ರೊಜೆಸ್ಟರಾನ್ ಹಾರ್ಮೋನ್ ಇಳಿಯುತ್ತದೆ, ಪ್ರೊಲ್ಯಾಕ್ಟಿನ್ ಹಾಲು ತಯಾರಿಸಲು ಹಚ್ಚುತ್ತದೆ. ಮುಂದೆ ಕೂಸು ಎಷ್ಟು ಚೀಪುತ್ತದೋ ಅಷ್ಟು ಹಾಲು. ಹದಿನೇಳರ ದೇಹಕ್ಕೂ ಮೂವತ್ತರ ದೇಹಕ್ಕೂ ಇದೇ ಲೆಕ್ಕ. ಮೊದಲ ಎರಡು-ಮೂರು ದಿನ ಬರುವುದು ಹಳದಿ ಬಣ್ಣದ ಗಿಣ್ಣು ಹಾಲು. ಅದು ಬರುವುದೇ ಕೆಲವು ಚಮಚದಷ್ಟು. ಕೂಸಿನ ಪುಟ್ಟ ಹೊಟ್ಟೆಗೆ ಅಷ್ಟು ಸಾಕು, ರೋಗದ ವಿರುದ್ಧ ರಕ್ಷಣೆಯೂ ಅದರಲ್ಲೇ ಇದೆ. ಅದನ್ನು ಹಿಂಡಿ ಚೆಲ್ಲಿ ಜೇನುತುಪ್ಪ ನೆಕ್ಕಿಸುವುದು ಎರಡು ಪಟ್ಟು ತಪ್ಪು: ವರ್ಷದೊಳಗಿನ ಮಗುವಿಗೆ ಜೇನಿನಿಂದ ಬೊಟುಲಿಸಂ ಎಂಬ ನರಗಳ ಕಾಯಿಲೆ ಬರಬಹುದು.

ಹಾಗಿದ್ದರೂ ಎಳೆಯ ತಾಯಂದಿರು ಬೇಗ ಹಾಲು ಬಿಡಿಸುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ನೋವು, ನಾಚಿಕೆ, ‘ಕೂಸು ಅಳತೈತಿ, ನಿನಗ ಹಾಲಿಲ್ಲ’ ಎನ್ನುವ ಮನೆಯವರು, ಅದರ ಹಿಂದೆಯೇ ಬರುವ ಡಬ್ಬಿ ಹಾಲು. ಎರಡು ವರ್ಷದೊಳಗಿನ ಮಕ್ಕಳಿಗೆಂದು ಡಬ್ಬಿ ಹಾಲಿನ ಜಾಹೀರಾತು ಕೊಡುವುದನ್ನು 1992ರ ಕಾಯ್ದೆ ಹಾಗೂ 2003ರ ತಿದ್ದುಪಡಿ ನಿಷೇಧಿಸಿವೆ. ರೀಲ್ಸ್‌ನಲ್ಲಿ ಯಾರಾದರೂ ಡಬ್ಬಿಯನ್ನು ಹೊಗಳಿದರೆ ಇದು ನೆನಪಿರಲಿ.

ಒಳ್ಳೆಯ ಪಾಠವೂ ಫೋನಿನಲ್ಲಿದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನ ಆರೋಗ್ಯ ವಿಡಿಯೋಗಳು ಕನ್ನಡದಲ್ಲೂ ಸಿಗುತ್ತವೆ. ಕೂಸನ್ನು ಹಿಡಿಯುವುದು ಹೇಗೆ, ಬರೀ ತೊಟ್ಟನ್ನಲ್ಲದೆ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗುವಂತೆ ಮಾಡುವುದು ಹೇಗೆ ಎಂಬುದನ್ನು ಓದಿ ತಿಳಿಯುವುದಕ್ಕಿಂತ ನೋಡಿ ಕಲಿಯುವುದು ಸುಲಭ. ಬಸುರಿಯಾಗಿದ್ದಾಗಲೇ ನೋಡಿದರೆ ಇನ್ನೂ ಒಳ್ಳೆಯದು. ಹೆರಿಗೆಯಾದ ರಾತ್ರಿ ಹುಡುಕಿ ನೋಡುವಷ್ಟು ತ್ರಾಣ ಯಾರಿಗೂ ಇರುವುದಿಲ್ಲ. ಫೋನ್ ಗಂಡನದೋ ಅತ್ತೆಯದೋ ಆಗಿದ್ದರೆ ಅವರೂ ಜೊತೆಗೆ ನೋಡಲಿ. ಜೇನು ತರುವ ಕೈ ಸಾಮಾನ್ಯವಾಗಿ ಅವರದೇ.

ಆದರೆ ವಿಡಿಯೋ ಅವಳಿಗೆ ತೋರಿಸಬಲ್ಲದೇ ಹೊರತು ಅವಳನ್ನು ನೋಡಲಾರದು. ತೊಟ್ಟು ಯಾಕೆ ಒಡೆದಿದೆ ಎಂದು ಹತ್ತಿರ ಕೂತು ನೋಡಲು ಮನುಷ್ಯರೇ ಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕೆಂಬ ನಿಯಮವಿದೆ. ಬಾರದಿದ್ದರೆ ಕರೆಯಿರಿ.

ಐದನೇ ದಿನದ ನಂತರ ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದು ತಿಳಿಯಬಹುದು. ಅದಕ್ಕಿಂತ ಕಡಿಮೆಯಾದರೆ, ಎಬ್ಬಿಸಿದರೂ ಕೂಸು ಹಾಲು ಕುಡಿಯದಿದ್ದರೆ, ಅಥವಾ ತಾಯಿಗೆ ಜ್ವರ ಬಂದು ಎದೆ ಕೆಂಪಾಗಿ ಗಟ್ಟಿಯಾದರೆ, ಫೋನ್ ಬದಿಗಿಟ್ಟು ಅಂದೇ ಆಸ್ಪತ್ರೆಗೆ ಹೋಗಿ.