ಬುಟ್ಟಿಗೂ ಪುರುಮೆಂತ್



ಗೋವಾದ ಮಡಗಾಂವ್‌ನಲ್ಲಿ ಪವಿತ್ರಾತ್ಮರ ದೇವಾಲಯದ ಹಬ್ಬಕ್ಕೆ ಪುರುಮೆಂತ್ ಸಂತೆ ನೆರೆಯುತ್ತದೆ. ಒಣಮೀನು, ಮೆಣಸಿನಕಾಯಿ, ಕೋಕಂ ಎಲ್ಲವನ್ನೂ ಮಳೆಗೆ ಮುನ್ನವೇ ಕಟ್ಟಿಡುತ್ತೇವೆ. ಬಿದಿರಿನ ಬುಟ್ಟಿಯನ್ನು ಮಾತ್ರ ಮರೆಯುತ್ತೇವೆ.

ಒಂದು ಮಳೆಗಾಲದಲ್ಲಿ ಹೀಗೆಯೇ ನಾವು ಕಪಾಟಿನ ಹಿಂದೆ ಬಿಟ್ಟ ಬುಟ್ಟಿ ಸೆಪ್ಟೆಂಬರಿನಲ್ಲಿ ಹಸಿರು ಬೂಷ್ಟು ಹಿಡಿದು ಸಿಕ್ಕಿತು. ನಮಗೆ ಹೋದದ್ದು ಒಂದೇ ಬುಟ್ಟಿ. ಪರದೇಶಕ್ಕೆ ಕಳಿಸಿದ ಪೆಟ್ಟಿಗೆ ಹಾಗಾದರೆ ಹೆಣೆದವರ ದುಡಿಮೆಯೇ ಹೋಗುತ್ತದೆ.

ಹಿಂದೆ ಬುಟ್ಟಿ ಒಲೆಯ ಮೇಲಿನ ಅಟ್ಟದಲ್ಲಿರುತ್ತಿತ್ತು, ಹೊಗೆಯೇ ಅದಕ್ಕೆ ಮದ್ದು. ಈಗ ಗ್ಯಾಸ್ ಒಲೆ. ಹೊರದೇಶದ ಗಿರಾಕಿಗೆ ಹೊಗೆಬಣ್ಣವೂ ಬೇಡ.

ಬೂಷ್ಟು ಬೆಳೆಯುವುದು ತೇವದಲ್ಲಿ, ಅದರ ಊಟ ಬಿದಿರಿನೊಳಗಿನ ಪಿಷ್ಟ. ಹಿರಿಯರು ಕಡಿದ ಬಿದಿರನ್ನು ವಾರಗಟ್ಟಲೆ ನೀರಿನಲ್ಲಿ ನೆನೆಸಿಡುತ್ತಿದ್ದದ್ದು ಆ ಪಿಷ್ಟ ಕರಗಲೆಂದೇ. ಹೆಣೆದ ಮೇಲೆ ಚೆನ್ನಾಗಿ ಒಣಗಿಸಿ, ತೇವಾಂಶ ಸುಮಾರು ಶೇ. 12ಕ್ಕೆ ಇಳಿದ ಮೇಲಷ್ಟೇ ಕಟ್ಟಬೇಕು. ಅಳೆಯಲು ಪುಟ್ಟ ಮೀಟರ್ ಸಿಗುತ್ತದೆ, ಸ್ವಸಹಾಯ ಗುಂಪಿಗೊಂದು ಸಾಕು. ಹಸಿ ಬುಟ್ಟಿಗೆ ಪ್ಲಾಸ್ಟಿಕ್ ಸುತ್ತಿದರೆ ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ. ಹಡಗಿನ ಕಂಟೇನರ್ ಹಗಲು ಕಾದು ರಾತ್ರಿ ತಣಿದಾಗ ಚಾವಣಿಯಿಂದಲೂ ನೀರು ತೊಟ್ಟಿಕ್ಕುತ್ತದೆ. ಅದಕ್ಕೇ ಒಳಗೆ ತೇವ ಹೀರುವ ಪೊಟ್ಟಣ ಇಡುವುದು.

ಯಾವ ಪೊಟ್ಟಣ ಎಂದು ಮಾತ್ರ ವಿಚಾರಿಸಿರಿ. ಸಿಲಿಕಾ ಜೆಲ್ ಆದರೆ ಸರಿ. ಡೈಮೀಥೈಲ್ ಫ್ಯೂಮರೇಟ್ ಎಂಬ ಬೂಷ್ಟುನಾಶಕ ಇಟ್ಟ ಸೋಫಾ, ಪಾದರಕ್ಷೆಗಳಿಂದ ಯುರೋಪಿನಲ್ಲಿ ಅನೇಕರ ಚರ್ಮ ಸುಟ್ಟಂತಾಯಿತು. 2009ರಲ್ಲಿ ಐರೋಪ್ಯ ಒಕ್ಕೂಟ ಅಂಥ ಸರಕನ್ನೇ ನಿಷೇಧಿಸಿತು.

ಮೇ ತಿಂಗಳ ಬಿಸಿಲಲ್ಲಿ ಒಣಮೀನಿನ ಜೊತೆ ಬುಟ್ಟಿಗೂ ಜಾಗ ಕೊಡಿರಿ. ಸ್ವಲ್ಪ ದೂರದಲ್ಲಿ, ವಾಸನೆ ಹತ್ತದ ಹಾಗೆ.