ಕೈಬಿಡದ ಕಾಲೇಜು ಯಾವುದು?

ಪಿಯುಸಿ ಫಲಿತಾಂಶ ಬಂದ ಮರುದಿನದಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡುಗಳಲ್ಲಿ ಎರಡು ಥರದ ಜನ ಕಾಣುತ್ತಾರೆ. ಒಂದು ಕಡೆ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಹಿಡಿದು, ಯಾರನ್ನು ಕೇಳಬೇಕು ಎಂದು ತಿಳಿಯದೆ ನಿಂತ ನಮ್ಮ ಕೇರಿ, ತಾಂಡಾಗಳ ಮಕ್ಕಳು. ಇನ್ನೊಂದು ಕಡೆ, ಅವರು ಬಾಯಿ ಬಿಡುವ ಮೊದಲೇ ಉತ್ತರ ಹೇಳುವ ಏಜೆಂಟರು. "ಬೆಂಗಳೂರಾಗ ಸೀಟು ಕೊಡಸ್ತೀನಿ ತಮ್ಮಾ, ಸ್ಕಾಲರ್‌ಶಿಪ್ ಬರ್ತದ, ನೀ ರೊಕ್ಕ ಕೊಡೂದು ಬ್ಯಾಡ, ಒರಿಜಿನಲ್ ಅಷ್ಟ ಕೊಡು." ಒರಿಜಿನಲ್ ಕೊಟ್ಟ ಮೇಲೆ ಹುಡುಗ ಅವರ ಕೈವಶ.

ಭೀಮಾ ದಂಡೆಯ ಒಂದು ಹಳ್ಳಿಯ ಹುಡುಗ ಹಿಂದೊಂದು ಬೇಸಿಗೆಯಲ್ಲಿ ನಮ್ಮ ಸಭೆಗೆ ಬಂದಿದ್ದ. ಅಪ್ಪ ಅವ್ವ ಕಬ್ಬು ಕಡಿಯಲು ಹೋಗುವವರು. ಹುಡುಗ ಸಿಇಟಿ ಬರೆದಿದ್ದ, ರ‍್ಯಾಂಕೂ ಬಂದಿತ್ತು. ನಾವು ಅವನಿಗೆ ಹಾರ ಹಾಕಿದೆವು, ಭಾಷಣ ಮಾಡಿದೆವು, ಚಹಾ ಕುಡಿಸಿ ಕಳಿಸಿದೆವು. "ಆಪ್ಷನ್ ಪಟ್ಟಿಯಲ್ಲಿ ಏನೇನು ಬರೀತಿಯಪ್ಪಾ?" ಎಂದು ಒಬ್ಬರೂ ಕೇಳಲಿಲ್ಲ. ಅವನು ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಬೆಂಗಳೂರಿನ ಆರು ದೊಡ್ಡ ಕಾಲೇಜುಗಳ ಹೆಸರು ಹಾಕಿಸಿ ಬಂದ. ಆರರಲ್ಲಿ ಒಂದೂ ಸಿಗಲಿಲ್ಲ. ಎರಡನೇ ಸುತ್ತು ಬರುವಷ್ಟರಲ್ಲಿ ಮಾವನ ಜೊತೆ ಗೋವಾದ ಕಟ್ಟಡ ಕೆಲಸಕ್ಕೆ ಹೋಗಿಬಿಟ್ಟಿದ್ದ.

ಅವನ ರ‍್ಯಾಂಕಿಗೆ ಸೀಟು ಕೊಡುವ ಕಾಲೇಜು ಈ ರಾಜ್ಯದಲ್ಲಿ ಇರಲಿಲ್ಲವೇ? ಇತ್ತು. ಅವನ ಪಟ್ಟಿಯಲ್ಲಿ ಇರಲಿಲ್ಲ. ಈ ತಪ್ಪಿನಲ್ಲಿ ಅವನದು ಅರ್ಧ, ಹಾರ ಹಾಕಿ ಕೈತೊಳೆದುಕೊಂಡ ನಮ್ಮದು ಅರ್ಧ. ಅದನ್ನು ಒಪ್ಪಿಕೊಂಡೇ ಇದನ್ನು ಬರೆಯುತ್ತಿದ್ದೇವೆ.

ಗೆಳೆಯರೇ, ಉಳ್ಳವರ ಮಕ್ಕಳಿಗೆ ಕೈಬಿಡದ ಕಾಲೇಜು ಅಪ್ಪನ ತಿಜೋರಿಯಲ್ಲೇ ಇರುತ್ತದೆ. ಸಿಇಟಿಯಲ್ಲಿ ಸಿಗದಿದ್ದರೆ ಮ್ಯಾನೇಜ್‌ಮೆಂಟ್ ಸೀಟು. ಅದೂ ಬೇಡವಾದರೆ ಒಂದು ವರ್ಷ ಕೋಚಿಂಗ್. ನಮ್ಮ ಮಕ್ಕಳಿಗೆ ಆ ಒಂದು ವರ್ಷವೇ ಇಲ್ಲ. ವರ್ಷ ತಪ್ಪಿದರೆ ಹುಡುಗ ಕೂಲಿಗೆ, ಹುಡುಗಿ ಮದುವೆಗೆ. ಆದ್ದರಿಂದ ನಮ್ಮ ಮಕ್ಕಳ ಕೈಬಿಡದ ಕಾಲೇಜು ಮೊದಲೇ ಕಾಗದದ ಮೇಲೆ ಇರಬೇಕು.

ಹಾಗಂದರೆ ಯಾವ ಕಾಲೇಜು? ಮೂರು ಮಾತು ಕೂಡಿಬರಬೇಕು. ಒಂದು, ನಮ್ಮ ರ‍್ಯಾಂಕಿಗೆ ಅಲ್ಲಿ ಸೀಟು ಹೆಚ್ಚುಕಡಿಮೆ ಖಾತ್ರಿ ಇರಬೇಕು. ಎರಡು, ಸ್ಕಾಲರ್‌ಶಿಪ್ ಆರು ತಿಂಗಳು ತಡವಾದರೂ ಅಲ್ಲಿ ಬದುಕಲು ಸಾಧ್ಯವಿರಬೇಕು. ಮೂರು, ಅಲ್ಲಿ ಕಲಿಸುವ ವಿಷಯ ಮಗುವಿಗೆ ಬೇಕಾದದ್ದಾಗಿರಬೇಕು. ಮೂರನೆಯದನ್ನು ನಮ್ಮವರು ಮರೆಯುತ್ತಾರೆ. "ಬಡವರ ಮಕ್ಕಳಿಗೆ ಆಸಕ್ತಿ ಎಲ್ಲಿಂದ ಬರ್ತದರೀ, ಸಿಕ್ಕಿದ್ದು ಓದಬೇಕು" ಎನ್ನುವ ಹಿರಿಯರಿದ್ದಾರೆ. ಸಿಕ್ಕಿದ್ದನ್ನು ತಿನ್ನು, ಕೊಟ್ಟಿದ್ದನ್ನು ಉಡು ಎಂದು ನೂರಾರು ವರ್ಷ ನಮಗೆ ಹೇಳಿದವರ ಮಾತು ಇದೇ ಅಲ್ಲವೇ? ಮನಸ್ಸಿಲ್ಲದ ಕೋರ್ಸಿಗೆ ಸೇರಿದ ಹುಡುಗ ಎರಡನೇ ವರ್ಷಕ್ಕೆ ಬ್ಯಾಕ್‌ಲಾಗ್ ಹೊತ್ತು ಊರಿಗೆ ಮರಳಿದರೆ ಆ ಸೀಟು ಕೈಬಿಟ್ಟಂತೆಯೇ ಲೆಕ್ಕ.

ಈಗ ರ‍್ಯಾಂಕಿನ ಮಾತು. ಪರೀಕ್ಷಾ ಪ್ರಾಧಿಕಾರ (ಕೆಇಎ) ಹಿಂದಿನ ವರ್ಷ ಯಾವ ಕಾಲೇಜಿನ ಯಾವ ಕೋರ್ಸು ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಎಂಬುದನ್ನು ಪ್ರಕಟಿಸುತ್ತದೆ. ಅದರಲ್ಲಿ ಜನರಲ್ ಕಾಲಂ ನೋಡಿ ಎದೆ ಒಡೆದುಕೊಳ್ಳಬೇಡಿ. ನಮ್ಮ ಕಾಲಂ ಬೇರೆ ಇದೆ. ಪರಿಶಿಷ್ಟ ಜಾತಿಯೊಳಗೇ ಸಾಮಾನ್ಯ, ಗ್ರಾಮೀಣ, ಕನ್ನಡ ಮಾಧ್ಯಮ ಎಂದು ಮೂರು ಇವೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ, ಕನ್ನಡದಲ್ಲಿ ಓದಿದ ಮಗು ಆ ಸರ್ಟಿಫಿಕೇಟು ತರದೆ ತನ್ನ ಹಕ್ಕನ್ನು ತಾನೇ ಬಿಟ್ಟುಕೊಡುತ್ತದೆ. ಎಂಜಿನಿಯರಿಂಗಿಗೆ ನಮ್ಮ ಮಕ್ಕಳಿಗೆ ವಿಜ್ಞಾನ ವಿಷಯಗಳಲ್ಲಿ ನೂರಕ್ಕೆ 40 ಸಾಕು, 45 ಬೇಕಿಲ್ಲ. ಇದೂ ಎಷ್ಟೋ ಮನೆಗಳಿಗೆ ಗೊತ್ತಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಮಗುವಿನ ರ‍್ಯಾಂಕ್ 80,000 ಎಂದಿಟ್ಟುಕೊಳ್ಳಿ. ಹೋದ ವರ್ಷ ನಮ್ಮ ಕಾಲಂನಲ್ಲಿ 60,000ಕ್ಕೆ ಮುಗಿದ ಕಾಲೇಜು ಆಸೆಯದು. 80ರಿಂದ 90 ಸಾವಿರಕ್ಕೆ ಮುಗಿದದ್ದು ಸಿಕ್ಕೀತು, ಸಿಗದೆಯೂ ಇದ್ದೀತು. 1,20,000 ದಾಟಿ ಮುಗಿದದ್ದು, ಅದೂ ಎರಡು ಮೂರು ವರ್ಷ ಹಾಗೆಯೇ ಮುಗಿದದ್ದು, ಕೈಬಿಡದ ಕಾಲೇಜು. ಮೂರೂ ಥರದವು ಪಟ್ಟಿಯಲ್ಲಿ ಇರಲಿ.

"ಕೆಳಗಿನ ಕಾಲೇಜು ಬರೆದರೆ ಅದನ್ನೇ ಕೊಟ್ಟುಬಿಡ್ತಾರೆ" ಎಂಬ ಹೆದರಿಕೆ ನಮ್ಮಲ್ಲಿ ಬಹಳ ಇದೆ. ಇದು ಸುಳ್ಳು. ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತಾ ಬರುತ್ತಾರೆ. ಮೇಲಿನದು ಸಿಗುವುದಾದರೆ ಅದೇ ಸಿಗುತ್ತದೆ. ಸಿಗದಿದ್ದರೆ ಮಾತ್ರ ಮುಂದಿನದು. ಕೊನೆಯಲ್ಲಿ ಹತ್ತು ಹೆಸರು ಸೇರಿಸಿದರೆ ಮೊದಲ ಹೆಸರಿಗೆ ಕೂದಲಷ್ಟೂ ನಷ್ಟವಿಲ್ಲ. ಆದರೆ ಹೋಗಲಾರದ ಕಾಲೇಜನ್ನು ಮಾತ್ರ ಬರೆಯಬೇಡಿ. ಅಣಕು ಹಂಚಿಕೆ ಬಂದಾಗ ಅದು ಬರೀ ಸೂಚನೆ, ಸೀಟಲ್ಲ. ಅದನ್ನು ನೋಡಿ ಪಟ್ಟಿ ತಿದ್ದಲು ಅವಕಾಶವಿದೆ, ತಿದ್ದಿರಿ. ನಿಜವಾದ ಸೀಟು ಬಂದ ಮೇಲೆ ನಾಲ್ಕು ಚಾಯ್ಸ್ ಕೇಳುತ್ತಾರೆ. ಒಂದನೆಯದು, ಒಪ್ಪಿ ಸೇರುವುದು. ಎರಡನೆಯದು, ಇದನ್ನು ಕೈಯಲ್ಲಿಟ್ಟುಕೊಂಡು ಮೇಲಿನದಕ್ಕೆ ಕಾಯುವುದು. ಮೂರನೆಯದು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು, ಪೂರ್ತಿ ಹೊರಬೀಳುವುದು. ಮೂರನ್ನೂ ನಾಲ್ಕನ್ನೂ ಒತ್ತುವ ಮೊದಲು ತಿಳಿದವರನ್ನು ಕೇಳಿ. ಅಂಗಡಿಯವನ ಒಂದು ಬೆರಳು ತಪ್ಪಿದರೆ ಸೀಟು ಹೋಯಿತು.

ಇನ್ನು ರೊಕ್ಕದ ಮಾತು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯಾರ ಭಿಕ್ಷೆಯೂ ಅಲ್ಲ. ಬಾಬಾಸಾಹೇಬರು ವೈಸರಾಯ್ ಕೌನ್ಸಿಲ್ಲಿನಲ್ಲಿದ್ದಾಗ, 1944ರಲ್ಲಿ ಶುರುವಾದದ್ದು. ರೊಕ್ಕವಿಲ್ಲದೆ ಓದು ನಿಲ್ಲುವುದೆಂದರೆ ಏನೆಂದು ಅವರಿಗೆ ಗೊತ್ತಿತ್ತು. ಬರೋಡಾ ಮಹಾರಾಜರ ವೇತನದಿಂದ 1913ರಲ್ಲಿ ಅಮೆರಿಕಕ್ಕೆ ಹೋದರು. ವೇತನದ ಅವಧಿ ಮುಗಿದಾಗ 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಅವರು ಸುಮ್ಮನೆ ಕೂರಲಿಲ್ಲ. ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ, ಕೂಡಿಟ್ಟು, ಶಾಹೂ ಮಹಾರಾಜರ ನೆರವು ಪಡೆದು, ಗೆಳೆಯನಿಂದ ಸಾಲ ತಂದು 1920ರಲ್ಲಿ ಮತ್ತೆ ಹೋದರು. ಆಸೆ ಬಿಡಲಿಲ್ಲ, ಲೆಕ್ಕವನ್ನೂ ಬಿಡಲಿಲ್ಲ. ನಾವು ಕಲಿಯಬೇಕಾದ್ದು ಎರಡನ್ನೂ.

ಮನೆಯ ವರಮಾನ ವರ್ಷಕ್ಕೆ ಎರಡೂವರೆ ಲಕ್ಷದೊಳಗಿದ್ದರೆ ಈ ವೇತನ ಉಂಟು. ಮ್ಯಾನೇಜ್‌ಮೆಂಟ್ ಸೀಟಿಗೆ ಹೋದರೆ ಇದರ ಆಸರೆ ಇಲ್ಲ. ಏಜೆಂಟರು ಮುಚ್ಚಿಡುವ ಮಾತು ಇದೇ. ಜಾತಿ, ಆದಾಯ ಸರ್ಟಿಫಿಕೇಟಿನ ಆರ್.ಡಿ. ನಂಬರು ನಾಡಕಚೇರಿಯಿಂದ ಮೊದಲೇ ತಂದಿಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡಿ, ಇಲ್ಲದಿದ್ದರೆ ಮಂಜೂರಾದ ಹಣವೂ ಬರುವುದಿಲ್ಲ. ಸರ್ಕಾರಿ, ಅನುದಾನಿತ ಸೀಟುಗಳ ಫೀಸು ಕಡಿಮೆ. ಬಾಗಲಕೋಟೆಯ ಬಸವೇಶ್ವರ, ಕಲಬುರ್ಗಿಯ ಪಿಡಿಎ ಕಾಲೇಜುಗಳಲ್ಲಿ ಅನುದಾನಿತ ಸೀಟುಗಳಿವೆ. ಹಾವೇರಿ, ರಾಯಚೂರು, ಹೂವಿನಹಡಗಲಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಆದರೆ ಫೀಸು ಒಂದೇ ಖರ್ಚಲ್ಲ. ಹಾಸ್ಟೆಲ್ ಸೀಟು ಬೇರೆ ಅರ್ಜಿ, ಅದು ಸಿಗದಿದ್ದರೆ ರೂಮಿನ ಬಾಡಿಗೆ, ಮೆಸ್ಸು, ಬಸ್ಸು, ಪರೀಕ್ಷೆ ಫೀಸು. ಕಾಲೇಜಿನ ಹೆಸರಿನ ಮುಂದೆ ಇವನ್ನೆಲ್ಲ ಬರೆದು ಕೂಡಿಸಿ. ಹೆಣ್ಣುಮಕ್ಕಳಿಗೆ ಜೂನ್ 2023ರಿಂದ ಸರ್ಕಾರಿ ಸಾದಾ ಬಸ್ಸು ಪುಕ್ಕಟೆ ಆಗಿದೆ. ಮನೆಯಿಂದ ಓಡಾಡುವ ಡಿಗ್ರಿ ಕಾಲೇಜು ಅವರಿಗೆ ಗಟ್ಟಿ ಆಸರೆ.

ಇಲ್ಲಿ ನಮ್ಮ ಜಿಲ್ಲೆಗೆ ಆದ ಅನ್ಯಾಯವನ್ನೂ ಹೇಳಬೇಕು. ಭೀಮೆಯ ಆಚೆ ದಂಡೆ ಅಫಜಲಪುರ, ಈಚೆ ದಂಡೆ ಇಂಡಿ, ಸಿಂದಗಿ. ನೀರು ಒಂದೇ, ಬರ ಒಂದೇ, ಗುಳೆ ಒಂದೇ. ಆದರೆ 2012ರ ತಿದ್ದುಪಡಿಯಿಂದ ಬಂದ 371ಜೆ ಆಚೆ ದಂಡೆಗೆ ಮಾತ್ರ. ಅಲ್ಲಿನ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಆ ಭಾಗದವರಿಗೆ. ನಮ್ಮೂರಿನ ಬಸ್ಸಿನ ಮೇಲೆ 'ಕಲ್ಯಾಣ ಕರ್ನಾಟಕ' ಎಂದು ಬರೆದಿರುತ್ತದೆ, ಸೀಟಿನ ಮೇಲೆ ಬರೆದಿರುವುದಿಲ್ಲ! ಆದ್ದರಿಂದ ಕಲಬುರ್ಗಿ, ರಾಯಚೂರು ಹತ್ತಿರವೆಂದು ಅವೇ ಕೈಬಿಡದ ಕಾಲೇಜು ಎಂದು ನಂಬಿ ಕೂರಬೇಡಿ.

ಕೈಬಿಡದ ದಾರಿ ಎಂಜಿನಿಯರಿಂಗಿನಲ್ಲೇ ಇರಬೇಕೆಂದೂ ಇಲ್ಲ. ಕೂಡಗಿಯ ವಿದ್ಯುತ್ ಸ್ಥಾವರದ ಚಿಮಣಿ ನೋಡಿ ಎಲೆಕ್ಟ್ರಿಕಲ್ ಕಲಿಯಬೇಕೆನ್ನುವ ಹುಡುಗ ಐಟಿಐ ಓದಿ ಡಿಪ್ಲೊಮಾ ಎರಡನೇ ವರ್ಷಕ್ಕೆ, ಅಲ್ಲಿಂದ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹತ್ತಬಹುದು. ಮೇಷ್ಟ್ರಾಗಬೇಕೆನ್ನುವ ಹುಡುಗಿಗೆ ತಾಲ್ಲೂಕಿನ ಡಿಗ್ರಿ ಕಾಲೇಜು, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇವೆ. ನರ್ಸಿಂಗ್ ಎಂದರೆ ರಾಜೀವ್ ಗಾಂಧಿ ಆರೋಗ್ಯ ವಿವಿಯ ಮಾನ್ಯತೆ, ನರ್ಸಿಂಗ್ ಕೌನ್ಸಿಲ್ಲಿನ ಒಪ್ಪಿಗೆ ಇದೆಯೇ ನೋಡಿ ಕಾಲಿಡಿ. ಒರಿಜಿನಲ್ ತೋರಿಸಿ, ಕೊಟ್ಟು ಬರಬೇಡಿ. ಕಾಲೇಜು ಒರಿಜಿನಲ್ ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲೇ ಹೇಳಿದೆ.

ಸರ್ಕಾರಕ್ಕೆ ನಮ್ಮ ಒತ್ತಾಯ: ಆಪ್ಷನ್ ತುಂಬುವ ದಿನಗಳಲ್ಲಿ ಈ ತಾಲ್ಲೂಕುಗಳ ಪ್ರತಿ ಸಮಾಜ ಕಲ್ಯಾಣ ಹಾಸ್ಟೆಲಿನಲ್ಲಿ ತಿಳಿದವರೊಬ್ಬರನ್ನು ಕೂರಿಸಿ. ವೇತನವನ್ನು ವರ್ಷ ಮುಗಿದ ಮೇಲಲ್ಲ, ವರ್ಷದ ಮೊದಲಿಗೆ ಕೊಡಿ. ಸೀಟು ಸಿಕ್ಕ ಪ್ರತಿ ಮಗುವಿಗೂ ಹಾಸ್ಟೆಲ್ ಕೊಡಿ. ಇದಕ್ಕಾಗಿ ತಹಸೀಲ್ದಾರ್ ಕಚೇರಿಯ ಮುಂದೆ ಕೂರಲೂ ಸಿದ್ಧರಿದ್ದೇವೆ.

ಆದರೆ ಸರ್ಕಾರ ಬರುವವರೆಗೆ ಪಟ್ಟಿ ಕಾಯುವುದಿಲ್ಲ. ನಮ್ಮ ಕೇರಿಯಲ್ಲಿ ಓದಿ ನೌಕರಿ ಹಿಡಿದವರಿದ್ದೀರಿ. ನಿಮ್ಮ ಎರಡು ಸಂಜೆ ಕೊಡಿ. ಹಾರ ತರಬೇಡಿ, ಪೆನ್ನು ತನ್ನಿ. ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಮೊದಲು "ನಿನಗ ಏನು ಓದೂ ಆಸೆ ಐತಿ?" ಎಂದು ಕೇಳಿ, ಆಮೇಲೆ ಕೊನೆಯ ಹೆಸರಿನವರೆಗೂ ಜೊತೆಗಿರಿ. ಗೋವಾದಲ್ಲಿರುವ ಆ ಹುಡುಗನಿಗೂ ಕಾಗದ ಬರೆದಿದ್ದೇವೆ. ಬಾಗಿಲು ಇನ್ನೂ ಮುಚ್ಚಿಲ್ಲ, ಬಾ ಎಂದು.

ಜೈ ಭೀಮ್.