ಪಟ್ಟಿಯಲ್ಲಿ ಪೀಣ್ಯ ಇಲ್ಲ

ಪ್ರತಿ ವರ್ಷ ಜನವರಿ 1ರಂದು ಭಾರತ, ಪಾಕಿಸ್ತಾನಗಳು ಪಟ್ಟಿ ಅದಲುಬದಲು ಮಾಡಿಕೊಳ್ಳುತ್ತವೆ. 'ಇವು ನಮ್ಮ ಅಣುಸ್ಥಾವರಗಳು, ಇವುಗಳ ಮೇಲೆ ದಾಳಿ ಮಾಡಬೇಡಿ' ಎಂಬ ಪಟ್ಟಿ. 1988ರ ಡಿಸೆಂಬರ್ 31ರಂದು, ರಾಜೀವ್ ಗಾಂಧಿ, ಬೆನಜೀರ್ ಭುಟ್ಟೋ ಕಾಲದಲ್ಲಿ ಆದ ಒಪ್ಪಂದ. 1992ರಲ್ಲಿ ಶುರುವಾದ ಈ ಪದ್ಧತಿ 1999ರ ಕಾರ್ಗಿಲ್ ಯುದ್ಧಕ್ಕೂ ನಿಲ್ಲಲಿಲ್ಲ. ಒಳ್ಳೇದೇ. ಕೈಗಾದಂಥ ಸ್ಥಾವರ ಒಡೆದರೆ ವಿಷ ಬೀಳೋದು ನಮ್ಮ ಮೇಲೇ.

ಆದರೆ ನಾವು ಕೇಳುತ್ತೇವೆ: ನಮ್ಮ ಬೆಂಗಳೂರಿನ ಪೀಣ್ಯ ಯಾವ ಪಟ್ಟಿಯಲ್ಲಿದೆ? ಅಲ್ಲಿ ಲೇತ್ ಮುಂದೆ ನಿಲ್ಲುವವನು, ವೈಟ್‌ಫೀಲ್ಡಿನ ಗಾಜಿನ ಕಟ್ಟಡ ಒರೆಸುವವಳು, ಎಲೆಕ್ಟ್ರಾನಿಕ್ ಸಿಟಿಯ ಗೇಟು ಕಾಯುವವನು, ಇವರ ಮೇಲೆ ಬಾಂಬು ಹಾಕಬೇಡಿ ಎಂದು ಯಾರೂ ಬರೆದುಕೊಟ್ಟಿಲ್ಲ. ಬರೆದುಕೊಟ್ಟರೆ ಅಣುಬಾಂಬಿನ ಬೆದರಿಕೆಯೇ ಮುಗಿದುಹೋಗುತ್ತೆ. ಯಾಕಂದ್ರೆ ದೊಡ್ಡವರು ರಕ್ಷಣಾನೀತಿ ಅಂತ ಕರೆಯೋದು ಇದನ್ನೇ: ನಿನ್ನ ಊರು ನನಗೆ ಒತ್ತೆ, ನನ್ನ ಊರು ನಿನಗೆ ಒತ್ತೆ. ಒತ್ತೆ ಇಡುವಾಗ ನಮ್ಮನ್ನು ಕೇಳಿದರೇನ್ರೀ?

1998ರ ಮೇ ತಿಂಗಳಲ್ಲಿ ಪೋಖ್ರಾನಿನಲ್ಲೂ ಚಾಗೈಯಲ್ಲೂ ಬಾಂಬು ಸಿಡಿಸಿದರು, ಸಿಹಿ ಹಂಚಿದರು. 2003ರಲ್ಲಿ ದಿಲ್ಲಿ ತನ್ನ ನೀತಿ ಸಾರಿತು: ಮೊದಲು ನಾವು ಹಾಕುವುದಿಲ್ಲ, ನಮ್ಮ ಮೇಲೆ ಹಾಕಿದರೆ ಭಾರೀ ಪ್ರತೀಕಾರ. ಮೊದಲ ಮಾತಿಗೆ ನಮ್ಮ ಒಪ್ಪಿಗೆಯಿದೆ. ಪಾಕಿಸ್ತಾನ ಅಷ್ಟನ್ನೂ ಒಪ್ಪಿಕೊಂಡಿಲ್ಲ. ಆದರೆ ಪ್ರತೀಕಾರ ಅನ್ನೋದು ಪೀಣ್ಯ ಸುಟ್ಟುಹೋದ ಮೇಲಿನ ಮಾತು. ಲಾಹೋರಿನ ಕೂಲಿಯವನನ್ನು ಸುಟ್ಟರೆ ನಮ್ಮ ಲೇತಿನವನು ಎದ್ದು ಬರುತ್ತಾನೆಯೇ?

ಮುಂದಿನ ಜನವರಿಯ ಪಟ್ಟಿಯಲ್ಲಿ ಪೀಣ್ಯವೂ ಇರಲಿ, ಲಾಹೋರೂ ಇರಲಿ. ಸ್ಥಾವರದ ಗೋಡೆಗೆ ಕೊಟ್ಟ ಮಾತನ್ನು ಮನುಷ್ಯರಿಗೆ ಕೊಡಲು ಇನ್ನೆಷ್ಟು ವರ್ಷ ಬೇಕು?